ನಿಶ್ಚಯದ ಉಂಗುರ ಯಾವ ಕೈಗೆ?

ಪ್ರಶ್ನೆ: ನಮ್ಮ ಮನೆ ಕಾಪುವಿನಲ್ಲಿ. ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ನವೆಂಬರಿನಲ್ಲಿ ನಿಶ್ಚಿತಾರ್ಥ, ಮೇ ತಿಂಗಳಲ್ಲಿ ಮದುವೆ. ಹುಡುಗ ಮಲ್ಪೆಯಲ್ಲಿ ಬೋಟಿನ ಇಂಜಿನ್ ರಿಪೇರಿ ಕೆಲಸ ಮಾಡುತ್ತಾರೆ. ಉಂಗುರ ಬಲಗೈಗೇ ಆಗಬೇಕು, ಎಡಗೈಗೆ ಹಾಕಿದರೆ ಅಶುಭ ಎನ್ನುತ್ತಾರೆ ಅಜ್ಜಿ. ಎಡಗೈಯ ಉಂಗುರ ಬೆರಳಿನಿಂದ ಹೃದಯಕ್ಕೆ ನೇರ ನರ ಇದೆ, ಹಾಗಾಗಿ ಎಡಗೈಯೇ ಸರಿ ಎನ್ನುತ್ತಾರೆ ಗೆಳತಿಯರು. ಒಮ್ಮೆ ತೊಟ್ಟರೆ ಮದುವೆ ಮುಗಿಯುವವರೆಗೆ ತೆಗೆಯಬಾರದು ಅಂತ ಅಮ್ಮ. ನನಗೆ ಡ್ಯೂಟಿಯಲ್ಲಿ ಉಂಗುರ ಹಾಕುವ ಹಾಗಿಲ್ಲ. ಮದುವೆಯ ದಿನ ಇನ್ನೊಂದು ಉಂಗುರ ಬಂದರೆ ಇದನ್ನು ಎಲ್ಲಿ ತೊಡುವುದು? ಚಿನ್ನದ ಕೆಲಸ ಗೊತ್ತಿರುವವರು ಹೇಳಿದರೆ ಮನೆಯವರು ಕೇಳುತ್ತಾರೆ.

ಉತ್ತರ: ತಂಗಿ, ಅಂಗಡಿಗೆ ಹೋಗಿ ಅಳತೆ ಕೊಡುವ ಮೊದಲೇ ನೀವು ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಹೆಚ್ಚಿನವರು ಉಂಗುರ ಕೈಗೆ ಬಂದ ಮೇಲೆ ಕೇಳುತ್ತಾರೆ. ಎರಡು ಕೈಯ ಉಂಗುರ ಬೆರಳುಗಳು ಒಂದೇ ದಪ್ಪ ಇರುವುದು ಕಡಿಮೆ. ನಾವು ಯಾವ ಕೈಯಲ್ಲಿ ಹೆಚ್ಚು ಕೆಲಸ ಮಾಡುತ್ತೇವೋ ಆ ಕೈಯ ಬೆರಳು ಸಾಮಾನ್ಯವಾಗಿ ತುಸು ದಪ್ಪ. ಎಡಗೈಗೆ ಅಳತೆ ಕೊಟ್ಟು, ನಿಶ್ಚಯದ ದಿನ ಹಿರಿಯರ ಮಾತಿಗೆ ಬಲಗೈ ಚಾಚಿದರೆ ಉಂಗುರ ಗೆಣ್ಣಿನಲ್ಲೇ ನಿಲ್ಲುತ್ತದೆ. ಎಲ್ಲರೂ ನೋಡುತ್ತಿರುವಾಗ ಹುಡುಗ ಒತ್ತುವುದು, ಹುಡುಗಿ ನೋವು ನುಂಗಿ ನಗುವುದು, ಇದನ್ನು ನಾನು ಎಷ್ಟೋ ನಿಶ್ಚಯಗಳಲ್ಲಿ ನೋಡಿದ್ದೇನೆ. ಆದ್ದರಿಂದ ಕೈ ಯಾವುದು ಎಂದು ಮನೆಯಲ್ಲಿ ಕೂತು ಈಗಲೇ ತೀರ್ಮಾನ ಮಾಡಿ. ಅಳತೆ ಆಮೇಲೆ.

ಅಜ್ಜಿಯ ಮಾತಿಗೆ ಆಧಾರ ಇಲ್ಲದೆ ಇಲ್ಲ. ಪೂಜೆಗೆ, ಪಿತೃಕಾರ್ಯಕ್ಕೆ ಕೂರುವಾಗ ದರ್ಭೆಯ ಪವಿತ್ರವನ್ನು ಬಲಗೈಯ ಉಂಗುರ ಬೆರಳಿಗೆ ಹಾಕುವುದನ್ನು ಅವರು ಹುಟ್ಟಿದಾಗಿನಿಂದ ನೋಡಿದ್ದಾರೆ. ಪ್ರಸಾದ ತೆಗೆದುಕೊಳ್ಳುವುದು ಬಲಗೈಯಲ್ಲಿ, ಕೊಡುವುದು ಬಲಗೈಯಲ್ಲಿ. ಹಾಗಿರುವಾಗ ಮದುವೆಯ ಮಾತು ಗಟ್ಟಿಯಾದದ್ದಕ್ಕೆ ಗುರುತಾಗಿ ಬರುವ ಚಿನ್ನ ಎಡಗೈಗೆ ಹೋಗುವುದನ್ನು ಅವರ ಮನಸ್ಸು ಒಪ್ಪುವುದಿಲ್ಲ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ. ಆದರೆ ಅವರಲ್ಲಿ ಮೆಲ್ಲಗೆ ಎರಡು ಮಾತು ಕೇಳಬಹುದು. ಬಳೆಯನ್ನು ನಾವು ಎರಡೂ ಕೈಗೆ ಇಡುತ್ತೇವಲ್ಲ, ಎಡಗೈಯ ಬಳೆ ಅಶುಭ ಎಂದು ಯಾರಾದರೂ ಹೇಳಿದ್ದುಂಟೇ? ಇನ್ನೊಂದು, ಅಜ್ಜಿಯ ನಿಶ್ಚಯದಲ್ಲಿ ಉಂಗುರ ಬದಲಾಯಿಸಿದ್ದರೇ? ನಮ್ಮ ಕರಾವಳಿಯ ಹಿಂದೂ ಮನೆಗಳಲ್ಲಿ ನಿಶ್ಚಯ ಎಂದರೆ ಎರಡು ಕಡೆಯ ಹಿರಿಯರು ಎದುರುಬದುರು ಕೂತು ವೀಳ್ಯ ಬದಲಾಯಿಸುವುದು. ಹರಿವಾಣದ ಬಚ್ಚಿರೆ ಬಜ್ಜೆಯಿ (ವೀಳ್ಯದೆಲೆ, ಅಡಿಕೆ) ಆಚೆ ಈಚೆ ಹೋದಾಗಲೇ ಮಾತು ಕೊಟ್ಟ ಹಾಗೆ. ಉಂಗುರ ಅದರ ಪಕ್ಕಕ್ಕೆ ಆಮೇಲೆ ಬಂದು ಕೂತ ಪದ್ಧತಿ. ಹಾಗೆ ಬಂದದ್ದರಿಂದಲೇ ಅದು ಇದೇ ಕೈಗೆ ಆಗಬೇಕು ಎಂಬ ಒಂದು ಕಟ್ಟು ನಮ್ಮಲ್ಲಿ ಬೆಳೆದಿಲ್ಲ. ಒಂದು ಮನೆಯಲ್ಲಿ ಇಬ್ಬರಿಗೂ ಬಲಗೈ, ಇನ್ನೊಂದರಲ್ಲಿ ಹುಡುಗಿಗೆ ಎಡ, ಹುಡುಗನಿಗೆ ಬಲ. ಮಂಗಳೂರಿನ ಕೆಥೋಲಿಕ್ ಮನೆಗಳಲ್ಲಿ ಉಂಗುರಕ್ಕೆ ಇರುವ ಸ್ಥಾನವೇ ಬೇರೆ. ಮದುವೆಯ ದಿನ ಇಗರ್ಜಿಯಲ್ಲಿ ಗುರುಗಳು ಉಂಗುರಗಳನ್ನು ಆಶೀರ್ವದಿಸುತ್ತಾರೆ, ಗಂಡು ಹೆಣ್ಣು ಪರಸ್ಪರ ತೊಡಿಸುತ್ತಾರೆ, ಅದು ವಿಧಿಯ ಒಂದು ಭಾಗ. ಮುಸ್ಲಿಂ ಗಂಡಸರಿಗೆ ಚಿನ್ನ ನಿಷಿದ್ಧವಾದ್ದರಿಂದ ಅವರು ಬೆಳ್ಳಿಯ ಉಂಗುರ ತೊಡುತ್ತಾರೆ.

ಗೆಳತಿಯರ ನರದ ಮಾತಿಗೆ ಬರುತ್ತೇನೆ. ನೀವು ನರ್ಸ್, ಸೂಜಿ ಚುಚ್ಚಲು ದಿನಕ್ಕೆ ಎಷ್ಟೋ ಕೈ ಹಿಡಿಯುವವರು. ಐದು ಬೆರಳಿನ ರಕ್ತನಾಳಗಳೂ ಒಂದೇ ರೀತಿ ಅಂಗೈ, ಮುಂಗೈ ದಾಟಿ ತೋಳಿಗೆ ಹೋಗಿ ಅಲ್ಲಿಂದ ಹೃದಯ ಸೇರುತ್ತವೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಬೆರಳಿಗೆ ಮಾತ್ರ ಬೇರೆ ದಾರಿ ಇಲ್ಲ. ಆದರೂ ಆ ಕಥೆ ಬಹಳ ಹಳೆಯದು. ಎಡಗೈಯ ಆ ಬೆರಳಿನಿಂದ ಹೃದಯಕ್ಕೆ ಒಂದು ಸಪೂರ ನರ ಇದೆ, ಈಜಿಪ್ಟಿನವರು ಹೆಣ ಕೊಯ್ದು ನೋಡಿ ಕಂಡುಕೊಂಡರು ಎಂದು 2ನೇ ಶತಮಾನದ ರೋಮನ್ ಬರಹಗಾರನೊಬ್ಬ ಬರೆದಿಟ್ಟ. ಯುರೋಪಿನಲ್ಲಿ ಅದು ಶತಮಾನಗಟ್ಟಲೆ ಬಾಯಿಂದ ಬಾಯಿಗೆ ಹೋಯಿತು. 1549ರಲ್ಲಿ ಇಂಗ್ಲೆಂಡಿನ ಚರ್ಚು ತನ್ನ ಮದುವೆಯ ವಿಧಿಯಲ್ಲಿ ಹೆಣ್ಣಿನ ಎಡಗೈ ಎಂದೇ ಬರೆಯಿತು. ಅದಕ್ಕೂ ಮೊದಲು ಅಲ್ಲಿ ಬಲಗೈಯ ರೂಢಿ ಇತ್ತು. ಜರ್ಮನಿ, ಪೋಲೆಂಡ್, ನಾರ್ವೆ, ರಷ್ಯಾಗಳಲ್ಲಿ ಮದುವೆಯಾದವರು ಇವತ್ತಿಗೂ ಬಲಗೈಗೇ ಉಂಗುರ ಹಾಕುತ್ತಾರೆ. ನಿಶ್ಚಯಕ್ಕೆ ವಜ್ರವೇ ಬೇಕು ಎಂಬ ಆಸೆಯೂ ನಮ್ಮ ಊರಿನದಲ್ಲ. ಆಸ್ಟ್ರಿಯಾದ ರಾಜಕುಮಾರ ಮ್ಯಾಕ್ಸಿಮಿಲಿಯನ್ 1477ರಲ್ಲಿ ಬರ್ಗಂಡಿಯ ಮೇರಿಗೆ ವಜ್ರದ ಉಂಗುರ ಕೊಟ್ಟದ್ದು ಅರಮನೆಯ ಸಂಗತಿ. ಅದನ್ನು ಜನಸಾಮಾನ್ಯರ ಬೆರಳಿಗೆ ತಂದದ್ದು ಡಿ ಬಿಯರ್ಸ್ ಎಂಬ ವಜ್ರದ ಕಂಪನಿಗಾಗಿ 1947ರಲ್ಲಿ ಬರೆದ ‘ವಜ್ರ ಎಂದೆಂದಿಗೂ’ ಎಂಬ ಜಾಹೀರಾತು. ನಿಮಗೆ ವಜ್ರ ಇಷ್ಟವಿದ್ದರೆ ಧಾರಾಳವಾಗಿ ತೆಗೆದುಕೊಳ್ಳಿ. ಇಲ್ಲದಿದ್ದರೆ ಒಂದು ಒಳ್ಳೆಯ ಸಾದಾ ಚಿನ್ನದ ಉಂಗುರಕ್ಕೆ ಯಾವ ಕೊರತೆಯೂ ಇಲ್ಲ.

ಹಾಗಾದರೆ ಕೈ ಯಾವುದು? ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಹರಳು ಇರುವ ಉಂಗುರವಾದರೆ ದಿನಬಳಕೆಗೆ ಎಡಗೈಯ ಉಂಗುರ ಬೆರಳು. ಇದಕ್ಕೆ ಹೃದಯದ ಕಾರಣ ಬೇಡ, ನಮ್ಮ ಊಟದ ಬಟ್ಟಲೇ ಸಾಕು. ನಾವು ಬಲಗೈಯಲ್ಲಿ ಉಣ್ಣುವವರು. ಕುಚ್ಚಲಕ್ಕಿ ಅನ್ನಕ್ಕೆ ಮೀನಿನ ಗಸಿ ಕಲಸುವಾಗ ಹರಳಿನ ಅಡಿಗೆ ಮಸಾಲೆ, ತೆಂಗಿನೆಣ್ಣೆ, ಅರಸಿನ ಎಲ್ಲವೂ ಹೋಗಿ ಕೂರುತ್ತದೆ. ವಜ್ರಕ್ಕೆ ಜಿಡ್ಡನ್ನು ಹಿಡಿದುಕೊಳ್ಳುವ ಗುಣ ಇದೆ. ನೀರು ಅದರ ಮೇಲೆ ನಿಲ್ಲುವುದಿಲ್ಲ, ಎಣ್ಣೆ ಅಂಟುತ್ತದೆ. ಅಡಿಭಾಗದಲ್ಲಿ ಎಣ್ಣೆಯ ಪದರ ಕಟ್ಟಿದರೆ ಬೆಳಕು ಒಳಗೆ ಹೋಗಿ ಹೊರಗೆ ಬರುವುದು ತಪ್ಪಿ ಕಲ್ಲು ಮಂಕಾಗಿ ಕಾಣುತ್ತದೆ. ‘ಕಲ್ಲು ಒರಿಜಿನಲ್ ಅಲ್ಲವೇನೋ’ ಎಂದು ಗಾಬರಿಯಿಂದ ತರುವ ಉಂಗುರಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ಒಂದು ಸ್ನಾನ ಮಾತ್ರ. ಜೊತೆಗೆ ಬೀಗ ತೆಗೆಯುವುದು, ಕಾಯಿ ತುರಿಯುವುದು, ಬಸ್ಸಿನ ರಾಡು ಹಿಡಿಯುವುದು, ಎಲ್ಲ ಪೆಟ್ಟೂ ಬಲಗೈಗೇ ಹೆಚ್ಚು. ನೀವು ಎಡಚರಾದರೆ ಈ ಲೆಕ್ಕ ಸ್ವಲ್ಪ ತಿರುಗುತ್ತದೆ.

ಅಜ್ಜಿಗೆ ನೋವಾಗದ ದಾರಿಯೂ ಇದೆ. ಉಂಗುರವನ್ನು ಬಲಗೈಯ ಬೆರಳಿಗೆ ಸಲೀಸಾಗಿ ಹೋಗುವ ಅಳತೆಗೆ ಮಾಡಿಸಿ. ನಿಶ್ಚಯದ ದಿನ ದೇವರ ಎದುರು, ಹಿರಿಯರ ಎದುರು ಬಲಗೈಗೇ ತೊಡಿಸಿಕೊಳ್ಳಿ. ಆಮೇಲೆ ಎಡಗೈಗೆ ಬದಲಾಯಿಸಿದಾಗ ಒಂದಿಷ್ಟು ಸಡಿಲ ಎನಿಸಿದರೆ ಒಳಬದಿಗೆ ಎರಡು ಸಣ್ಣ ಚಿನ್ನದ ಗುಂಡು ಬೆಸುಗೆ ಹಾಕಿಸಿಕೊಳ್ಳಬಹುದು. ಅವು ಬೆರಳನ್ನು ಮೆತ್ತಗೆ ಹಿಡಿಯುತ್ತವೆ, ಹರಳು ಒಂದು ಬದಿಗೆ ತಿರುಗುವುದೂ ನಿಲ್ಲುತ್ತದೆ. ನಮ್ಮಲ್ಲಿ ಸಡಿಲ ಉಂಗುರಕ್ಕೆ ನೂಲು ಸುತ್ತುವ ಅಭ್ಯಾಸ ಇದೆ. ಒಂದೆರಡು ದಿನಕ್ಕೆ ಅಡ್ಡಿಯಿಲ್ಲ. ತಿಂಗಳುಗಟ್ಟಲೆ ಬಿಟ್ಟರೆ ನೂಲಿನಲ್ಲಿ ಸೋಪು, ಬೆವರು, ನೀರು ನಿಂತು ಅಡಿಯ ಚರ್ಮ ಕೆಂಪಾಗಿ ತುರಿಸುತ್ತದೆ. ದಿನಕ್ಕೆ ಹತ್ತಾರು ಸಲ ಕೈ ತೊಳೆಯುವ ನಿಮಗಂತೂ ಅದು ಬೇಡವೇ ಬೇಡ.

ಅಳತೆಯ ವಿಷಯದಲ್ಲಿ ನಮ್ಮ ಕರಾವಳಿಯವರು ವಿಶೇಷ ಎಚ್ಚರ ವಹಿಸಬೇಕು. ಸೆಕೆಯಲ್ಲಿ ಚರ್ಮದ ಹತ್ತಿರದ ರಕ್ತನಾಳಗಳು ಹಿಗ್ಗಿ ಬೆರಳು ಉಬ್ಬುತ್ತದೆ, ತಂಪಿನಲ್ಲಿ ಕುಗ್ಗುತ್ತದೆ. ಮಂಗಳೂರಿನ ದೊಡ್ಡ ಚಿನ್ನದ ಅಂಗಡಿಗಳಲ್ಲಿ ಎಸಿ ಜೋರಾಗಿ ಹಾಕಿರುತ್ತಾರೆ. ಅರ್ಧ ಗಂಟೆ ಡಿಸೈನ್ ನೋಡುತ್ತಾ ಕೂತು ಆಮೇಲೆ ಅಳತೆ ಕೊಟ್ಟರೆ ಅದು ನಿಮ್ಮ ಬೆರಳಿನ ನಿಜವಾದ ಅಳತೆ ಅಲ್ಲ. ನವೆಂಬರಿನಲ್ಲಿ ಹಿತವಾಗಿ ಕೂತ ಉಂಗುರ ಮೇ ತಿಂಗಳ ಸೆಕೆಯಲ್ಲಿ, ಮದುವೆ ಹಾಲ್‌ನಲ್ಲಿ ದಿನವಿಡೀ ನಿಂತಾಗ ಹಿಂಡುತ್ತದೆ. ಹಾಗಾಗಿ ಅಂಗಡಿ ಹೊಕ್ಕ ಕೂಡಲೇ, ಕೈ ಇನ್ನೂ ಬೆಚ್ಚಗಿರುವಾಗಲೇ ಒಮ್ಮೆ ಅಳೆಸಿ. ಸಾಧ್ಯವಾದರೆ ಇನ್ನೊಂದು ದಿನ ಸಂಜೆ ಹೊತ್ತಿಗೆ ಮತ್ತೊಮ್ಮೆ ಅಳೆಸಿ. ರಾತ್ರಿ ಡ್ಯೂಟಿ ಮುಗಿಸಿ ನೇರ ಬಂದು ಅಳತೆ ಕೊಡಬೇಡಿ. ಗೆಣ್ಣು ದಾಟುವಾಗ ಉಂಗುರ ತುಸು ತಡೆಯಬೇಕು, ದಾಟಿದ ಮೇಲೆ ಆರಾಮವಾಗಿ ಕೂರಬೇಕು, ತೆಗೆಯುವಾಗ ಸ್ವಲ್ಪ ತಿರುಗಿಸಿ ಎಳೆದರೆ ಬರಬೇಕು. ಅಗಲ ಪಟ್ಟಿಯ ಉಂಗುರವಾದರೆ ಅದೇ ಅಳತೆ ಬಿಗಿ ಎನಿಸುತ್ತದೆ, ಅರ್ಧ ಸೈಜು ಹೆಚ್ಚು ಮಾಡಿಸಿ. ಹುಡುಗಿಗೆ ಗೊತ್ತಾಗದ ಹಾಗೆ ನೂಲಿನಲ್ಲಿ ಅಳತೆ ತಂದು ಕೊಡುವವರೂ ಇದ್ದಾರೆ. ಆ ಪ್ರೀತಿ ದೊಡ್ಡದು, ಆದರೆ ನೂಲು ಎಳೆದರೆ ಹಿಗ್ಗುತ್ತದೆ, ಗೆಣ್ಣಿನ ದಪ್ಪವನ್ನು ಅದು ಹೇಳುವುದಿಲ್ಲ.

ಕೊಳ್ಳುವಾಗ ನೋಡಬೇಕಾದದ್ದನ್ನೂ ಹೇಳಿಬಿಡುತ್ತೇನೆ. ಉಂಗುರದ ಒಳಬದಿಯಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಶುದ್ಧತೆಯ ಅಂಕಿ, ಆ ಒಡವೆಗೆ ಮಾತ್ರ ಕೊಟ್ಟ ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ ಸಂಖ್ಯೆ, ಈ ಮೂರೂ ಇರಬೇಕು. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಚಿನ್ನವನ್ನು ಅಂಗಡಿಯವರು ಮಾರುವ ಹಾಗಿಲ್ಲ. 2 ಗ್ರಾಮಿಗಿಂತ ಕಡಿಮೆ ತೂಕದ ಒಡವೆಯಂಥ ಕೆಲವಕ್ಕೆ ವಿನಾಯಿತಿ ಇದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ವಿವರ ಬರುತ್ತದೆ, ಅಲ್ಲೇ ನಿಂತು ನೋಡಿ. ನಮ್ಮವರು 22 ಕ್ಯಾರೆಟ್ ಅಂದರೆ 916 ಬಿಟ್ಟು ಬೇರೆ ಮುಟ್ಟುವುದಿಲ್ಲ. ಸಾದಾ ಉಂಗುರಕ್ಕೆ ಅದು ಸರಿಯೇ. ಆದರೆ ವಜ್ರ ಕೂರಿಸುವುದಿದ್ದರೆ 18 ಕ್ಯಾರೆಟ್, ಅಂದರೆ 750 ಒಳ್ಳೆಯದು. 22 ಕ್ಯಾರೆಟ್ ಚಿನ್ನ ಮೆತ್ತಗೆ, ಕಲ್ಲನ್ನು ಹಿಡಿದ ಸಪೂರ ಕಾಲುಗಳು ಬೇಗ ಬಾಗುತ್ತವೆ, ಸವೆಯುತ್ತವೆ. ಬಿಲ್ಲಿನಲ್ಲಿ ಚಿನ್ನದ ತೂಕ ಬೇರೆ, ಕಲ್ಲಿನ ತೂಕ ಬೇರೆ ಬರೆಸಿಕೊಳ್ಳಿ. ವಜ್ರದ ಕ್ಯಾರೆಟ್ ಶುದ್ಧತೆಯದಲ್ಲ, ತೂಕದ ಲೆಕ್ಕ; 5 ಕ್ಯಾರೆಟಿಗೆ 1 ಗ್ರಾಂ. ನಿಮ್ಮ ಕೆಲಸಕ್ಕೆ ಎತ್ತರಕ್ಕೆ ಎದ್ದು ನಿಲ್ಲುವ ಹರಳು ಬೇಡ. ಅದು ಗ್ಲೌಸ್ ಹರಿಯುತ್ತದೆ, ಮದುವೆಯ ದಿನ ಸೀರೆಯ ಜರಿಯನ್ನೂ ಎಳೆಯುತ್ತದೆ. ಸುತ್ತಲೂ ಚಿನ್ನದ ಅಂಚು ಬಂದು ಕಲ್ಲು ತಗ್ಗಿನಲ್ಲಿ ಕೂರುವಂಥದ್ದನ್ನು ಆರಿಸಿ. ಸುತ್ತ ಪೂರ್ತಿ ಕಲ್ಲು ಇರುವ ಉಂಗುರ ತೆಗೆದುಕೊಂಡರೆ ಮುಂದೆ ದೊಡ್ಡದು ಚಿಕ್ಕದು ಮಾಡಲು ಆಗುವುದಿಲ್ಲ. ಬಾಣಂತನದ ಹೊತ್ತಿಗೆ ಹೆಚ್ಚಿನ ಹೆಂಗಸರ ಬೆರಳಿನ ಅಳತೆ ಬದಲಾಗುತ್ತದೆ, ಅದನ್ನೂ ಯೋಚಿಸಿ. ಮುತ್ತು, ಹವಳದ ಉಂಗುರ ದಿನಬಳಕೆಗೆ ಆಗದು. ಹತ್ತರ ಮಾಪಕದಲ್ಲಿ ಗಾಳಿಯ ಧೂಳಿನಲ್ಲಿರುವ ಮರಳಿನ ಕಣದ ಗಡಸುತನ 7, ಮುತ್ತಿನದು 3ರ ಆಸುಪಾಸು. ಒರೆಸಿದರೂ ಗೀರು ಬೀಳುತ್ತದೆ.

ಈಗ ಅಮ್ಮನ ಮಾತು. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದು. ಉಂಗುರ ತೆಗೆದರೆ ಸಂಬಂಧಕ್ಕೆ ಏನಾದರೂ ಆದೀತು ಎಂಬ ಹೆದರಿಕೆ ತಾಯಂದಿರಿಗೆ ಇರುತ್ತದೆ. ಅದು ಮಗಳ ಮೇಲಿನ ಮಮತೆಯಿಂದ ಬಂದದ್ದು. ಆದರೆ ಮಾತು ಕೊಟ್ಟದ್ದು ಹಿರಿಯರು ಮತ್ತು ನೀವಿಬ್ಬರು, ಬೆರಳಿನ ಚಿನ್ನವಲ್ಲ. ಆಸ್ಪತ್ರೆಯ ವಿಷಯದಲ್ಲಂತೂ ಎರಡು ಮಾತಿಲ್ಲ. ರೋಗಿಗಳ ಆರೈಕೆ ಮಾಡುವವರು ಉಂಗುರ ಹಾಕದಿರುವುದು ಲೇಸು, ಬಿಡಲಾಗದಿದ್ದರೆ ಸಾಮಾನ್ಯ ಆರೈಕೆಯಲ್ಲಿ ಸಾದಾ ಮದುವೆಯುಂಗುರವನ್ನಷ್ಟೇ ಒಪ್ಪಬಹುದು, ಆಪರೇಷನ್ ಥಿಯೇಟರಿನಂಥ ಕಡೆ ಅದೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಕೈತೊಳೆಯುವ ಮಾರ್ಗಸೂಚಿಯಲ್ಲಿ ಹೇಳಿದೆ. ಉಂಗುರದ ಅಡಿಯ ಚರ್ಮದಲ್ಲಿ ರೋಗಾಣು ಉಳಿಯುತ್ತದೆ. ನಿಮ್ಮ ಕೈ ಮುಟ್ಟುವುದು ಬೇರೆಯವರ ಗಾಯವನ್ನು. ಈ ಕಾರಣವನ್ನು ಅಮ್ಮನಿಗೆ ಬಿಡಿಸಿ ಹೇಳಿ, ಅವರಿಗೆ ಅರ್ಥವಾಗುತ್ತದೆ. ಡ್ಯೂಟಿಗೆ ಹೊರಡುವಾಗ ಮನೆಯಲ್ಲೇ ತೆಗೆದು ದೇವರ ಕೋಣೆಯ ಒಂದು ಡಬ್ಬಿಯಲ್ಲಿ ಇಡಿ, ದಿನವೂ ಅದೇ ಜಾಗ. ಬಂದು ಕೈಕಾಲು ತೊಳೆದು ತೊಟ್ಟುಕೊಳ್ಳಿ. ಆಸ್ಪತ್ರೆಯ ಲಾಕರಿಗೆ, ಯೂನಿಫಾರ್ಮಿನ ಕಿಸೆಗೆ, ಕರ್ಚೀಫಿನ ಗಂಟಿಗೆ ಬೇಡ. ಉಂಗುರ ಕಳೆದುಹೋಗುವುದು ಹೆಚ್ಚಾಗಿ ಬೆರಳಿನಿಂದ ಜಾರಿ ಅಲ್ಲ, ‘ಒಂದು ನಿಮಿಷ’ ಎಂದು ಬೇಸಿನ್ನಿನ ಅಂಚಿನಲ್ಲಿ ಇಟ್ಟು. ಸರದಲ್ಲಿ ಪೋಣಿಸಿ ಕುತ್ತಿಗೆಗೆ ಹಾಕಿಕೊಳ್ಳುವವರು ಇದ್ದಾರೆ, ರಜಾದಿನಕ್ಕೆ ಚೆಂದ. ಬಗ್ಗಿ ರೋಗಿಯನ್ನು ಎತ್ತುವ ಕೆಲಸದಲ್ಲಿ ಆ ಸರವೂ ತೊಂದರೆಯೇ.

ಹುಡುಗನ ವಿಷಯದಲ್ಲಿ ನಾನು ಇನ್ನೂ ಖಡಾಖಂಡಿತವಾಗಿ ಹೇಳುತ್ತೇನೆ. ಇಂಜಿನ್ ಕೆಲಸ ಮಾಡುವವರು ಕೆಲಸದ ಹೊತ್ತಿನಲ್ಲಿ ಉಂಗುರ ತೊಡಲೇಬಾರದು. ತಿರುಗುವ ಬೆಲ್ಟಿಗೋ ಎಳೆಯುವ ಹಗ್ಗಕ್ಕೋ ಉಂಗುರ ಸಿಕ್ಕಿಕೊಂಡರೆ ಬೆರಳಿನ ಚರ್ಮ, ಮಾಂಸ ಸಮೇತ ಕಿತ್ತು ಬರುತ್ತದೆ. ಕೆಲವೊಮ್ಮೆ ಬೆರಳನ್ನೇ ಉಳಿಸಲು ಆಗುವುದಿಲ್ಲ. ಇನ್ನೊಂದು ಅಪಾಯ ಬ್ಯಾಟರಿಯದು. ಚಿನ್ನ ಒಳ್ಳೆಯ ವಿದ್ಯುತ್ ವಾಹಕ. 12 ವೋಲ್ಟಿನ ಬ್ಯಾಟರಿಯ ಟರ್ಮಿನಲ್ಲಿಗೂ ಸ್ಪ್ಯಾನರಿಗೂ ನಡುವೆ ಉಂಗುರ ತಾಗಿದರೆ ಶಾಕ್ ಹೊಡೆಯದಿದ್ದರೂ ಉಂಗುರ ಕ್ಷಣದಲ್ಲಿ ಕಾದು ಬೆರಳಿನ ಸುತ್ತ ಸುಡುತ್ತದೆ. ಕೈಯಲ್ಲಿ ಏನಾದರೂ ಇರಲೇಬೇಕು ಎನ್ನುವುದಾದರೆ ಸಿಲಿಕೋನಿನ ಉಂಗುರ ಸಿಗುತ್ತದೆ, ಜೋರಾಗಿ ಎಳೆದರೆ ಅದು ತುಂಡಾಗುತ್ತದೆ, ವಿದ್ಯುತ್ ಹರಿಯುವುದಿಲ್ಲ. ನಿಶ್ಚಯದ ದಿನ ಅವರ ಮನೆಯವರ ಎದುರೇ ನೀವು ಇದನ್ನು ಹೇಳಿಬಿಡಿ: ‘ಕೆಲಸದಲ್ಲಿ ಉಂಗುರ ತೆಗೆದಿಡಿ, ನನಗೆ ಬೇಸರವಿಲ್ಲ.’ ಎಷ್ಟೋ ಗಂಡಸರು ಹುಡುಗಿ ಏನೆಂದುಕೊಳ್ಳುತ್ತಾಳೋ ಎಂದು ಉಂಗುರ ತೊಟ್ಟೇ ಯಂತ್ರಕ್ಕೆ ಕೈ ಹಾಕುತ್ತಾರೆ. ಬಸ್ಸಿನಿಂದ ಜಿಗಿಯುವಾಗ, ಗೇಟು ಹತ್ತುವಾಗಲೂ ಇದೇ ಅಪಾಯ ಇದೆ, ನಿಮಗೂ ಹೇಳುತ್ತಿದ್ದೇನೆ.

ಮದುವೆಯ ದಿನ ಏನು ಮಾಡುವುದು ಎಂದಿರಿ. ಮೆಹಂದಿಗೆ ಕೂರುವ ಮೊದಲೇ ನಿಶ್ಚಯದ ಉಂಗುರ ತೆಗೆದು ಅಮ್ಮನ ಕೈಗೆ ಕೊಡಿ, ಲೇಪ ಹರಳಿನ ಸಂದಿಗೆ ಹೋದರೆ ತೆಗೆಯುವುದು ಕಷ್ಟ. ದಾರೆಯ ದಿನ ಹೊಸ ಉಂಗುರ ಬರುವುದಿದ್ದರೆ ಹಳೆಯದನ್ನು ಇನ್ನೊಂದು ಕೈಗೆ ಹಾಕಿಕೊಂಡು ಕುಳಿತುಕೊಳ್ಳಿ. ಹೊಸದು ಖಾಲಿ ಬೆರಳಿಗೆ ಹೋಗಲಿ. ಆಮೇಲೆ ಎರಡನ್ನೂ ಒಂದೇ ಬೆರಳಿಗೆ ತೊಡಬೇಕೆಂದಿದ್ದರೆ ಮದುವೆಯದು ಒಳಗೆ ಅಂಗೈ ಕಡೆಗೆ, ನಿಶ್ಚಯದ್ದು ಹೊರಗೆ ಉಗುರಿನ ಕಡೆಗೆ ಇಡುವುದು ರೂಢಿ. ಆದರೆ 18 ಕ್ಯಾರೆಟಿನ ಗಡಸು ಉಂಗುರ 22 ಕ್ಯಾರೆಟಿನ ಮೆತ್ತನೆಯದಕ್ಕೆ ದಿನವೂ ಉಜ್ಜಿದರೆ ಮೆತ್ತನೆಯದು ಸವೆಯುತ್ತದೆ. ನನ್ನನ್ನು ಕೇಳಿದರೆ ಒಂದೊಂದು ಕೈಗೆ ಒಂದೊಂದು. ಅಜ್ಜಿ ಬಯಸಿದ ಬಲಗೈಗೆ ಸಾದಾ ಮದುವೆಯುಂಗುರ, ಎಡಗೈಗೆ ಹರಳಿನದು. ಊಟಕ್ಕೂ ತೊಂದರೆಯಿಲ್ಲ. ನಮ್ಮಲ್ಲಿ ಮದುವೆಯಾದವಳ ಗುರುತು ಕರಿಮಣಿ, ಕಾಲುಂಗುರ. ಅವು ಇರುವಾಗ ಕೈಯ ಉಂಗುರ ಎಲ್ಲಿದ್ದರೂ ಯಾರೂ ತಪ್ಪು ತಿಳಿಯುವುದಿಲ್ಲ.

ತೊಳೆಯುವುದಕ್ಕೆ ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಸ್ವಲ್ಪ ಹೊತ್ತು ನೆನೆಸಿ, ಮಕ್ಕಳ ಮೆತ್ತನೆಯ ಬ್ರಷ್ಷಿನಲ್ಲಿ ಹರಳಿನ ಅಡಿಯಿಂದ ಉಜ್ಜಿ. ಅಂಟುವಾಳದ ನೊರೆ ಸಿಕ್ಕಿದರೆ ಅದೂ ಒಳ್ಳೆಯದು, ನಮ್ಮ ಹಿರಿಯರು ಚಿನ್ನ ತೊಳೆಯುತ್ತಿದ್ದದ್ದು ಅದರಲ್ಲೇ. ಟೂತ್‌ಪೇಸ್ಟ್, ಅಡುಗೆ ಸೋಡಾ ಬೇಡ, ಚಿನ್ನದ ಮೇಲೆ ಗೀರು ಬೀಳುತ್ತದೆ. ಮುತ್ತು ಹವಳಗಳನ್ನು ನೆನೆಸಬೇಡಿ. ಮಲ್ಪೆ, ಪಣಂಬೂರಿನಲ್ಲಿ ನೀರಿಗೆ ಇಳಿಯುವಾಗ ಉಂಗುರ ತೆಗೆದಿಡಿ. ಉಪ್ಪುನೀರು ಚಿನ್ನಕ್ಕೆ ಅಷ್ಟೇನೂ ಮಾಡುವುದಿಲ್ಲ, ಆದರೆ ತಣ್ಣೀರಿಗೆ ಬೆರಳು ಕುಗ್ಗುತ್ತದೆ, ತೆರೆ ಎಳೆದರೆ ಹೋಯಿತು. ಈಜುಕೊಳದ ಕ್ಲೋರಿನ್ ಬಿಳಿ ಚಿನ್ನಕ್ಕೆ ಹಾನಿ ಮಾಡುತ್ತದೆ. ವರ್ಷಕ್ಕೊಮ್ಮೆ ಅಂಗಡಿಯಲ್ಲಿ ಕಲ್ಲು ಅಲ್ಲಾಡುತ್ತದೆಯೇ ಎಂದು ನೋಡಿಸಿ. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ತಟ್ಟಿದಾಗ ಸಣ್ಣ ಸದ್ದು ಬಂದರೆ ಕಲ್ಲು ಸಡಿಲವಾಗಿದೆ ಎಂದರ್ಥ, ಅವತ್ತೇ ತೊಡುವುದು ನಿಲ್ಲಿಸಿ.

ಉಂಗುರ ಬೆರಳಿನಲ್ಲಿ ಸಿಕ್ಕಿಕೊಂಡರೆ ಎಳೆದಾಡಬೇಡಿ. ಕೈಯನ್ನು ತಲೆಗಿಂತ ಮೇಲೆ ಹಿಡಿದು ತಣ್ಣೀರು ಹಾಕಿ, ಸೋಪು ಅಥವಾ ತೆಂಗಿನೆಣ್ಣೆ ಸವರಿ ತಿರುಗಿಸುತ್ತಾ ಹೊರತನ್ನಿ. ಬೆರಳು ನೀಲಿಯಾದರೆ, ಜುಮುಗುಟ್ಟಿದರೆ ಉಂಗುರವನ್ನು ಕತ್ತರಿಸಿಬಿಡಬೇಕು. ಕತ್ತರಿಸಿದ ಉಂಗುರವನ್ನು ಮತ್ತೆ ಜೋಡಿಸುವುದು ನಮಗೆ ದೊಡ್ಡ ಕೆಲಸವಲ್ಲ. ದೊಡ್ಡದು ಮಾಡಿಸಲು ಕೊಡುವಾಗಲೂ ಒಂದು ಮಾತು ನೆನಪಿರಲಿ. ಎಚ್‌ಯುಐಡಿ ಮುದ್ರೆ ಇರುವ ಜಾಗ ಬಿಟ್ಟು ಬೇರೆ ಕಡೆ ಕತ್ತರಿಸಿ ಎಂದು ಮೊದಲೇ ಹೇಳಿ.

ಅಳತೆ ಕೊಡಲು ಹೋಗುವಾಗ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ನಿಮ್ಮ ಎರಡೂ ಕೈಯ ಅಳತೆಯನ್ನು, ಹುಡುಗನ ಎರಡೂ ಕೈಯ ಅಳತೆಯನ್ನು ಒಂದು ಚೀಟಿಯಲ್ಲಿ ಬರೆಸಿ ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ನಿಶ್ಚಯಕ್ಕೆ ಹದಿನೈದು ದಿನ ಇರುವಾಗಲೇ ಉಂಗುರ ಕೈಗೆ ಬರುವ ಹಾಗೆ ಆರ್ಡರ್ ಕೊಡಿ. ಅಷ್ಟು ಸಮಯ ಇದ್ದರೆ ಏನೇ ಹೆಚ್ಚುಕಡಿಮೆ ಆದರೂ ಸರಿಪಡಿಸಿಕೊಡಬಹುದು.